ಸವಳುಹೊಂಡಕ್ಕೆ ಕಿರಮಂಜಿ ಎಂಬ ಹೆಸರು ಬಂದದ್ದು

ಕರಡಿಹಾಳದ ಊರಬಾಗಿಲು ದಾಟಿ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಸುಣ್ಣದ ಕಲ್ಲಿನ ಬೋಳು ದಿಬ್ಬವೊಂದು ಎದುರಾಗುತ್ತದೆ. ದಿಬ್ಬದ ಮಗ್ಗುಲಿಗೆ ಇಪ್ಪತ್ತೊಂದು ಮೆಟ್ಟಿಲಿನ ಚೌಕನೆಯ ಹೊಂಡ. ಅದಕ್ಕೆ ಕಿರಮಂಜಿ ಹೊಂಡ ಎಂದು ಹೆಸರು. ಹೆಸರು ಕೇಳಿಕೊಂಡು ದೂರದಿಂದ ಬಂದವರು ಮೊದಲ ನೋಟಕ್ಕೆ ಪೆಚ್ಚಾಗುತ್ತಾರೆ. ನೀರು ತಿಳಿಯಾಗಿದೆ, ತಳದಲ್ಲಿ ಬಿದ್ದ ಬೇವಿನ ಎಲೆಯನ್ನೂ ಎಣಿಸಬಹುದು. ಮೆಟ್ಟಿಲುಗಳು ಹಾಲು ಚೆಲ್ಲಿ ಒಣಗಿದ ಹಾಗೆ ಬೆಳ್ಳಗಿವೆ. ಕಣ್ಣು ಹಾಯುವಷ್ಟು ದೂರ ಕೆಂಪಿನ ಸುಳಿವಿಲ್ಲ. "ಕಿರಮಂಜಿ ಎಲ್ಲೈತ್ರಿ?" ಎಂದು ಕೇಳಿದರೆ ಊರಿನವರು ನೀರಿನ ಕಡೆ ಕೈ ಮಾಡುವುದಿಲ್ಲ. ಮೇಲೆ ಬೇವಿನ ನೆರಳಲ್ಲಿ ಮಂಚದ ಅಗಲಕ್ಕೆ ಚಾಚಿಕೊಂಡಿರುವ ಒಂದು ಹಾಸುಗಲ್ಲನ್ನು ತೋರಿಸುತ್ತಾರೆ. "ಮೊದಲ ಅದನ್ನ ನೋಡ್ರಿ. ಅದರ ಮ್ಯಾಲೆ ಕುಂತ ಕಟ್ಟೀಮನಿ ರಾಚಪ್ಪ, ಬಾಳವ್ವಗ 'ನಿನ್ನ ಕೈಲಿ ಆಗೂದಿಲ್ಲ' ಅಂದಿದ್ದ." ಆ ಕಲ್ಲಿಗೂ ಒಂದು ಹೆಸರಿದೆ, ಆಗದ ಕಲ್ಲು. ಹೊಂಡದ ಕತೆ ಅಲ್ಲಿಂದಲೇ ಶುರುವಾಗಬೇಕು ಎನ್ನುವುದು ಊರಿನ ಹಟ.

ಅದಕ್ಕೂ ಮೊದಲು ಆ ಶಬ್ದದ ಬಗ್ಗೆ ಒಂದೆರಡು ಮಾತು ಹೇಳಬೇಕು. ಈ ಸೀಮೆಯಲ್ಲಿ ಕಿರಮಂಜಿ ಎಂದರೆ ಬರಿಯ ಕೆಂಪಲ್ಲ. ಕೆಂಪು ಎನ್ನುವುದು ಬಾಗಿಲಿಲ್ಲದ ಛತ್ರದ ಹಾಗೆ, ಯಾರು ಬೇಕಾದರೂ ಒಳಗೆ ಬಂದು ಕೂರಬಹುದು. ಸುಟ್ಟ ಇಟ್ಟಿಗೆ ಕೆಂಪು, ಮಸಾರಿ ಮಣ್ಣು ಕೆಂಪು, ಅತ್ತು ಅತ್ತು ಸುಸ್ತಾದ ಕೂಸಿನ ಮೂಗೂ ಕೆಂಪೇ. ಬಣ್ಣಗಾರರು ಎಲ್ಲವನ್ನೂ ಹಾಗೆ ಒಂದೇ ಮೂಟೆಯಲ್ಲಿ ಕಟ್ಟುತ್ತಿರಲಿಲ್ಲ. ಉಳ್ಳಾಗಡ್ಡಿ ಸಿಪ್ಪೆಯ ಕೆಂಪು ಬೇರೆ, ದಾಳಿಂಬೆ ಹೂವಿನ ಕೆಂಪು ಬೇರೆ, ಹುಂಜದ ಜುಟ್ಟಿನದು ಬೇರೆ. ಇವೆಲ್ಲ ಏಣಿಯ ಮೆಟ್ಟಿಲು. ಏಣಿ ಹತ್ತಿ ಅಟ್ಟಕ್ಕೆ ಕಾಲಿಟ್ಟರೆ ಅಲ್ಲಿರುವುದು ಕಿರಮಂಜಿ. ನೋಡಿದವರ ಕಣ್ಣನ್ನು ಹಿಡಿದು ನಿಲ್ಲಿಸುವ, ನೀರಿಗೆ ಬಿಡದ, ಬಿಸಿಲಿಗೆ ಬಾಡದ ಕೆಂಪು ಅದು. ಕಡಲಾಚೆಯ ವ್ಯಾಪಾರಿಗಳು ಕಡಲೆಕಾಳಿಗಿಂತ ಚಿಕ್ಕದಾದ ಒಂದು ಹುಳುವನ್ನು ಒಣಗಿಸಿ ಚೀಲದಲ್ಲಿ ತರುತ್ತಿದ್ದರಂತೆ. ಅದನ್ನು ಅರೆದರೆ ಆ ಬಣ್ಣ ಬರುತ್ತಿತ್ತು. ಅವರ ಮಾತಿನಲ್ಲಿ ಹುಳುವಿಗೆ ಕಿರಮ್ ಎನ್ನುತ್ತಾರೆ, ಹೆಸರು ಅಲ್ಲಿಂದ ಬಂತು ಎಂದು ತಿಳಿದವರು ಹೇಳುತ್ತಾರೆ. ಹುಳು ನಿಂತುಹೋಯಿತು, ಶಬ್ದ ಉಳಿಯಿತು. ಇಂದಿಗೂ ಕರಡಿಹಾಳದಲ್ಲಿ ಮದುವಣಗಿತ್ತಿಯ ಸೆರಗು ಕಿರಮಂಜಿ ಇರಬೇಕು. ಸುಲಭಕ್ಕೆ ಬಗ್ಗದ ಹೆಣ್ಣುಮಗಳನ್ನು ಕಂಡರೆ "ಕಿರಮಂಜಿ ಐತಿ ನೋಡ್ರಿ" ಎನ್ನುತ್ತಾರೆ. ಇಬ್ಬರು ಒಂದು ಒಪ್ಪಂದಕ್ಕೆ ಬಂದರೆ ಕೈ ಹಿಡಿದು ಕುಲುಕುವುದಿಲ್ಲ. ಒಬ್ಬ "ಕಿರಮಂಜಿ?" ಎಂದು ಕೇಳುತ್ತಾನೆ, ಇನ್ನೊಬ್ಬ "ಕಿರಮಂಜಿ" ಎನ್ನುತ್ತಾನೆ. ಅಲ್ಲಿಗೆ ಆ ಮಾತು ಹಿಂದೆ ಸರಿಯುವಂತಿಲ್ಲ.

ಹಿಂದೆ ಒಮ್ಮೆ, ಕರಡಿಹಾಳದ ಹೊಳೆದಂಡೆಯಲ್ಲಿ ನಲವತ್ತು ತಾಮ್ರದ ಹಂಡೆಗಳು ಸಾಲಾಗಿ ಕುದಿಯುತ್ತಿದ್ದವು. ಹುಳು ಬರುವುದು ನಿಂತು ಆಗಲೇ ಇಪ್ಪತ್ತು ವರ್ಷ. ಬಣ್ಣಗಾರರು ಕರಿಮಣ್ಣಿನ ಹೊಲಗಳಲ್ಲಿ ಬೆಳೆದ ಸುರಂಜಿ ಬೇರನ್ನು ಕುಟ್ಟಿ, ಬಣ್ಣ ಹಿಡಿಯಲು ಪಟಕ ಬೆರೆಸಿ, ಹೊಳೆಯ ಸಿಹಿನೀರಿನಲ್ಲಿ ಅರಿವೆ ಕುದಿಸುತ್ತಿದ್ದರು. ಬಣ್ಣ ಬರುತ್ತಿತ್ತು, ಆದರೆ ಏಣಿಯ ಎರಡನೆಯ ಮೆಟ್ಟಿಲಿನಲ್ಲೇ ಕಾಲು ಸೋತು ನಿಲ್ಲುತ್ತಿತ್ತು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಕಡಲ ಕಡೆಯಿಂದ ಖಾದರಸಾಹೇಬನೆಂಬ ವ್ಯಾಪಾರಿ ಹೇರೆತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದ. ಅರಿವೆಗಳನ್ನು ನೋಡಿ ಬಣ್ಣದ ಹೆಸರನ್ನು ಬಾಯಲ್ಲಿ ಹೇಳುವವನು ಅವನು, ಮೂಟೆಯ ಮೇಲೆ ಮಸಿಯಲ್ಲಿ ಬರೆಯುವವನು ಅವನ ಗುಮಾಸ್ತ. ಇಪ್ಪತ್ತು ವರ್ಷವೂ ಒಂದೊಂದು ಮೂಟೆಯ ಮೇಲೂ ಬಿದ್ದದ್ದು 'ಕೆಂಪು' ಎಂಬ ಎರಡೇ ಅಕ್ಷರ. ಬಣ್ಣಗಾರರ ಹಿರಿಯ ಕಟ್ಟೀಮನಿ ರಾಚಪ್ಪನಿಗೆ ಅಕ್ಷರ ಬಾರದಿದ್ದರೂ ಆ ಎರಡರ ಆಕಾರ ಗುರುತಾಗಿಹೋಗಿತ್ತು. ಅದನ್ನು ಕಂಡಾಗಲೆಲ್ಲ ಹಲ್ಲುನೋವು ಬಂದವನ ಹಾಗೆ ಮುಖ ತಿರುಗಿಸುತ್ತಿದ್ದ. ಅವನು ಕೆಟ್ಟವನಲ್ಲ. ಹರೆಯದಲ್ಲಿ ನಿಜವಾದ ಕಿರಮಂಜಿಯಲ್ಲಿ ಕೈ ಅದ್ದಿದವನು, ಅದು ಇನ್ನು ಬರುವುದಿಲ್ಲ ಎಂದು ನಂಬಿದವನು.

ಆ ಬಣ್ಣಗಾರರಲ್ಲಿ ಒಂದು ಪದ್ಧತಿಯಿತ್ತು. ಮನೆಯಲ್ಲಿ ಗಂಡಸು ತೀರಿಕೊಂಡು ಬೇರೆ ಗಂಡುದಿಕ್ಕಿಲ್ಲದೆ ಹೋದರೆ ಆ ಮನೆಯ ಹಂಡೆಯನ್ನು ಹೊಳೆದಂಡೆಯಲ್ಲಿ ಬೋರಲು ಹಾಕುತ್ತಿದ್ದರು. ಬೋರಲು ಬಿದ್ದ ಹಂಡೆ ಮತ್ತೆ ಕುದಿಯುವಂತಿರಲಿಲ್ಲ. ಹೆಂಗಸರು ಬೇರು ಕುಟ್ಟಬಹುದು, ಸೌದೆ ಹೊರಬಹುದು, ಅರಿವೆ ಒಗೆಯಬಹುದು. ಕೆಂಪಿನ ಹಂಡೆಯ ಮುಂದೆ ಕೋಲು ಹಿಡಿದು ನಿಲ್ಲುವುದು ಮಾತ್ರ ಕೂಡದು. ಬಾಳವ್ವನ ಗಂಡ ಈರಬಸಪ್ಪ ಮೂರು ದಿನದ ಜ್ವರದಲ್ಲಿ ಹೋದಾಗ ದಂಡೆಯಲ್ಲಿ ಆಗಲೇ ಮೂರು ಹಂಡೆಗಳು ಮುಖ ಕೆಳಗೆ ಮಾಡಿ ಮಲಗಿದ್ದವು. ಆ ಮೂರು ಮನೆಗಳ ಹೆಂಗಸರು ಈಗ ಬೇರೆಯವರ ಹಂಡೆಗೆ ಸೌದೆ ಹೊರುತ್ತಿದ್ದರು. ಬಾಳವ್ವನಿಗೆ ಮಕ್ಕಳಿರಲಿಲ್ಲ. ಇದ್ದವಳು ಮೊಣಕಾಲು ನೋವಿನ ಅತ್ತೆ ಕಾಶವ್ವ, ಇದ್ದದ್ದು ಒಂದು ಹಂಡೆ, ಆರು ಚೀಲ ಸುರಂಜಿ ಬೇರು. ಸೂತಕದ ದಿನಗಳು ಮುಗಿದ ಮೇಲೆ ರಾಚಪ್ಪ ನಾಲ್ಕು ಜನರನ್ನು ಕರೆದುಕೊಂಡು ಹಂಡೆ ಬೋರಲು ಹಾಕಲು ಬಂದ. ಅವನು ಅವಳ ಗಂಡನಿಗೆ ದೊಡ್ಡಪ್ಪನಾಗಬೇಕು. ಬಾಳವ್ವ ಹಂಡೆಯ ಕಂಠಕ್ಕೆ ಎರಡೂ ತೋಳು ಹಾಕಿ ಕುಳಿತಿದ್ದಳು.

"ಮಾವಾರ, ಬೋರಲ ಹಾಕಬ್ಯಾಡ್ರಿ. ಹಂಡೆ ನಾ ಕುದಸ್ತೀನಿ."

"ಕೆಂಪಿನ ಹಂಡೆ ಅಂದ್ರ ಸಾರಿನ ಗಡಗಿ ಅಲ್ಲವಾ, ಬಾಳವ್ವ."

"ಸಾರಿನ ಗಡಗಿನೂ ನೀವು ಕುದಿಸಿ ನೋಡಿಲ್ಲಲ್ರಿ. ಅದರ ತ್ರಾಸ ನಿಮಗ ಹ್ಯಾಂಗ ಗೊತ್ತಾಗಬೇಕು?"

ಜೊತೆಗೆ ಬಂದವರಲ್ಲಿ ಒಬ್ಬ ತಡೆಯಲಾರದೆ ನಕ್ಕುಬಿಟ್ಟ. ಆ ನಗೆ ಇಲ್ಲದಿದ್ದರೆ ಈ ಹೊಂಡಕ್ಕೆ ಇಂದು ಈ ಹೆಸರಿರುತ್ತಿರಲಿಲ್ಲ ಎನ್ನುತ್ತಾರೆ. ರಾಚಪ್ಪ ಕೆರಳಿದ. ಎಲ್ಲರನ್ನೂ ಎಬ್ಬಿಸಿಕೊಂಡು, ಬಾಳವ್ವನನ್ನೂ ಮುಂದೆ ಮಾಡಿಕೊಂಡು, ದಿಬ್ಬದ ಹತ್ತಿರ ಬಂದು ಹಾಸುಗಲ್ಲಿನ ಮೇಲೆ ಕುಳಿತ. ಕೆಳಗಿದ್ದ ಹೊಂಡಕ್ಕೆ ಆಗ ಸವಳುಹೊಂಡವೆಂದು ಹೆಸರು. ಯಾವ ಕಾಲದಲ್ಲೋ ಸುಣ್ಣದ ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತು ಆದದ್ದು. ಅದರ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಅಂಟವಾಳ ನೊರೆ ಬಿಡುತ್ತಿರಲಿಲ್ಲ, ಎತ್ತುಗಳೂ ಮೂಸಿ ಮುಖ ತಿರುವುತ್ತಿದ್ದವು. ರಾಚಪ್ಪ ಹೊಂಡಕ್ಕೆ ಬೊಟ್ಟು ಮಾಡಿದ. "ಹೊಳಿ ನಮ್ಮದು. ಹೊಳಿ ನೀರ ಮುಟ್ಟಂಗಿಲ್ಲ. ಇಕಾ, ಇದು ನಿನ್ನ ನೀರು. ಖಾದರಸಾಹೇಬ ಬರೂತನಕ ಕುದಸು. ನಿನ್ನ ಮೂಟಿ ಮ್ಯಾಲೆ ಕಿರಮಂಜಿ ಅಂತ ಬಿತ್ತಂದ್ರ ಹಂಡಿ ನಿಂದು, ಹೊಂಡಾನೂ ನಿಂದು. ಬೀಳಲಿಲ್ಲಂದ್ರ ಹಂಡಿ ಬೋರಲು. ಆಗೂದಿಲ್ಲ ನಿನ್ನ ಕೈಲಿ. ಈ ಕಲ್ಲು ಕರಗಿ ನೀರಾದರೂ ಆಗೂದಿಲ್ಲ."

"ನಾಕು ಮಂದಿ ಕೇಳ್ಯಾರ ಮಾವಾರ. ಮಾತು ನೆನಪಿರಲಿ," ಎಂದಳು ಬಾಳವ್ವ. ಮಂದಿ ನಗುತ್ತ ಇಳಿದುಹೋಯಿತು. ಅವಳು ಮೆಟ್ಟಿಲಿಲ್ಲದ ಆ ತಗ್ಗಿಗೆ ಜಾರುತ್ತ ಇಳಿದು, ಬೊಗಸೆ ನೀರೆತ್ತಿ ನಾಲಿಗೆಗೆ ಹಚ್ಚಿಕೊಂಡಳು. ಬಾಯೊಳಗೆ ಗೋಡೆ ನೆಕ್ಕಿದ ಹಾಗಾಯಿತು. ಆದರೂ ಮನೆಯಿಂದ ಕೊಡ ತಂದು ತುಂಬಿಕೊಂಡೇ ಹತ್ತಿದಳು.

ದಂಡೆಯಲ್ಲಿ ಹಂಡೆಗೆ ಜಾಗ ಸಿಗದೆ ಅವಳು ಅದನ್ನು ಹೊಂಡದ ಮೇಲೆ, ಬೇವಿನ ಬುಡದಲ್ಲಿ ಹೂಡಿದಳು. ಬಣ್ಣಗಾರರ ಮನೆಗೆ ಸೊಸೆಯಾಗಿ ಬಂದವಳಿಗೆ ಒಂದು ಮಾತು ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು: ಬೇಳೆ ಬೇಯುವ ನೀರೇ ಬಣ್ಣಕ್ಕೆ ನೀರು. ಹಾಗಾಗಿ ಅವಳು ಆ ಸವಳನ್ನು ಸಿಹಿ ಮಾಡಲು ಹೊರಟಳು. ಕದಡಿದ ನೀರನ್ನು ತಿಳಿಗೊಳಿಸುವ ಚಿಲ್ಲದ ಬೀಜ ತೇಯ್ದು ಹಾಕಿದಳು. ನೀರನ್ನು ಮೊದಲು ಬರಿದೇ ಕುದಿಸಿ, ಒಂದಿಡೀ ದಿನ ತಣಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡಳು. ಕುದಿಸಿದಾಗ ಹಂಡೆಯ ಒಳಮೈಗೆ ಬೆರಳುದಪ್ಪ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಅದೇ ಕೆಟ್ಟದ್ದು, ಅದು ಹೋದರೆ ನೀರು ಒಳ್ಳೆಯದಾಗುತ್ತದೆ ಎಂದುಕೊಂಡು ಸಲ ಸಲಕ್ಕೂ ಚಿಪ್ಪಿನಿಂದ ಕೆರೆದು ದಿಬ್ಬದಾಚೆ ಎಸೆದು ಬರುತ್ತಿದ್ದಳು. ನಾಲ್ಕು ತಿಂಗಳು ಹೀಗೆ ಹೋಯಿತು, ಚೀಲಗಳು ಒಂದೊಂದಾಗಿ ಬರಿದಾದವು. ಅರಿವೆ ಮಾತ್ರ ಪ್ರತಿ ಸಲವೂ ಕಂದು ಮುಖ ಹೊತ್ತು ಮೇಲೆ ಬರುತ್ತಿತ್ತು. ಕಾಶವ್ವ ಬಿಸಿಲಿಗೆ ಹಿಡಿದು ನೋಡಿ, "ಇದ ಕೆಂಪಲ್ಲ ಬಾಳಿ, ಮಂಗ್ಯಾನ ಮೈ," ಎಂದು ಮಡಚಿಟ್ಟಳು. ದಂಡೆಯಿಂದ ಹಾದುಹೋಗುವವರು ಬೇಕೆಂದೇ ಬಂದು ಇಣುಕಿ, "ಏನವಾ, ಸಾರು ಕುದೀತೇನು?" ಎಂದು ಕೇಳುತ್ತಿದ್ದರು. "ಕುದೀಲಿಕ್ಕೆ ಹತ್ತೇತಿ, ನಿಮಗ ಬಡಸ್ತೀನಿ ತಡೀರಿ," ಎನ್ನುತ್ತಿದ್ದಳು ಅವಳು, ತಲೆ ಎತ್ತದೆ.

ನೀರು ತಣಿಯುವ ಆ ಬಿಡುವಿನ ದಿನಗಳಲ್ಲಿ ಅವಳು ಇನ್ನೊಂದು ಕೆಲಸ ಹಿಡಿದಿದ್ದಳು. ಮೂಟೆಯ ಮೇಲೆ ಬೀಳುವ ಬರಹದ ಮೇಲೆ ತನ್ನ ಬಾಳು ನಿಂತಿದೆ, ಅದನ್ನು ಓದಲು ತನಗೆ ಬಾರದು ಎನ್ನುವುದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಕಲಿಸುವವರು ಯಾರೂ ಇರಲಿಲ್ಲ. ಮನೆಯಲ್ಲಿ ಹಳೆಯ ಚೀಲಗಳಿದ್ದವು. ಒಳಗೇನಿತ್ತೆಂದು ಮೂಸಿ ಗುರುತಿಸಬಲ್ಲ ಚೀಲಗಳ ಮೇಲಿನ ಅಕ್ಷರಗಳನ್ನು ಅವಳು ಜೋಡಿಸಿ ನೋಡತೊಡಗಿದಳು. ಅರಿಶಿನದ್ದಕ್ಕೂ ಅರಗಿನದ್ದಕ್ಕೂ ಮೊದಲ ಎರಡು ಅಕ್ಷರ ಬಹಳಮಟ್ಟಿಗೆ ಒಂದೇ. ಬೆಲ್ಲದ ಚೀಲದಲ್ಲಿ ಒಂದರ ಕೆಳಗೊಂದು ಜೋತುಬಿದ್ದ ಅಕ್ಷರವಿದೆ. ಮಂಜಿಷ್ಠದ ಚೀಲದಲ್ಲಿ ಮೊದಲ ಅಕ್ಷರದ ಪಕ್ಕಕ್ಕೇ ಒಂದು ಸೊನ್ನೆ. ಹೀಗೆ ಮೂಗಿನಿಂದ ಶುರುವಾಗಿ ಕಣ್ಣಿಗೆ ಬಂದ ವಿದ್ಯೆ ಅದು. ಇದ್ದಲಿನಿಂದ ಹಾಸುಗಲ್ಲಿನ ಮೇಲೆ, ರಾಚಪ್ಪ ಕೂತಿದ್ದ ಜಾಗದಲ್ಲೇ, ಬರೆದು ಬರೆದು ಅಳಿಸಿದಳು. ಕಾಶವ್ವನ ಗಂಡನ ಕಾಲದ ಒಂದು ತೊಗಲಿನ ಚೀಲ ಅಟ್ಟದಲ್ಲಿ ಸಿಕ್ಕಿತು. ಖಾಲಿ ಚೀಲ, ಮೂಲೆಯಲ್ಲಿ ಒಂದು ಚಿಟಿಕೆ ಕಡುಗೆಂಪು ಪುಡಿ. ಮೇಲೆ ನಾಲ್ಕು ಅಕ್ಷರ. ಅವಳು ಬೆರಳಿಟ್ಟು ಒಂದೊಂದಾಗಿ ಬಿಡಿಸಿದಳು. ಕಿ. ರ. ಮಂ. ಜಿ. ಆ ದಿನ ಅವಳು ಅಡುಗೆ ಮಾಡುವುದನ್ನೇ ಮರೆತಳೆಂದು ಕಾಶವ್ವ ಸಾಯುವ ತನಕ ಹೇಳಿಕೊಂಡು ತಿರುಗಿದಳಂತೆ.

ಕೊನೆಯ ಚೀಲ ಬಿಚ್ಚಿದಾಗ ಖಾದರಸಾಹೇಬ ಬರಲು ಇಪ್ಪತ್ತು ದಿನ ಉಳಿದಿತ್ತು. ಬಾಳವ್ವ ಹಿಂದಿನ ದಿನವೇ ನೀರು ಕುದಿಸಿ ಬಸಿದಿಟ್ಟಿದ್ದಳು. ಹಂಡೆ ಕೆರೆಯುವ ಕೆಲಸವನ್ನು ಅತ್ತೆಗೆ ಒಪ್ಪಿಸಿ ಸೌದೆಗೆ ಹೋದಳು. ಬಂದು ಬೇರು ಹಾಕಿ, ಅರಿವೆ ಇಳಿಬಿಟ್ಟು, ಮಧ್ಯಾಹ್ನದ ತನಕ ಕೋಲಾಡಿಸಿ ಎತ್ತಿದರೆ ಒಂದು ಕಡೆ ಅರಿವೆ ಹಂಡೆಯ ಮೈಗೆ ಅಂಟಿಕೊಂಡು ಬರಲೊಲ್ಲದು. ಸಿಟ್ಟಿನಿಂದ ಜಗ್ಗಿದಳು. ಕಿತ್ತುಬಂದ ಅರಿವೆಯೆಲ್ಲ ಎಂದಿನ ಹಾಗೆ ಮಂಗನ ಮೈ. ಅಂಟಿದ್ದ ಜಾಗದಲ್ಲಿ ಮಾತ್ರ, ನಾಲ್ಕು ಬೆರಳಗಲಕ್ಕೆ, ಮೊಳದುದ್ದಕ್ಕೆ, ಒಂದು ಪಟ್ಟಿ ಉರಿಯುತ್ತಿತ್ತು. ಆ ಹೊತ್ತಿನ ಬಿಸಿಲೂ ಅದರ ಮುಂದೆ ಮಬ್ಬಾಗಿ ಕಂಡಿತು ಎನ್ನುತ್ತಾರೆ. ಅವಳು ಹಂಡೆಯೊಳಗೆ ಬಗ್ಗಿ ನೋಡಿದಳು. ಒಳಮೈಯಲ್ಲಿ ಒಂದು ಮಗ್ಗುಲಿಗೆ ಬಿಳಿ ಹಕ್ಕಳೆ ಹಾಗೇ ಇತ್ತು.

"ಅತ್ತಿ, ಈ ಕಡೆ ಕೆರದಿಲ್ಲೇನು?"

"ಮೊಣಕಾಲ ಜುಮ್ಮ ಅಂತಿತ್ತು. ಅರ್ಧ ಕೆರದೆ, ಅರ್ಧ ಬಿಟ್ಟೆ. ಏನ ಈಗ, ಬೈತಿಯೇನು?"

"ಬೈಯೂದಿಲ್ಲ. ಇನ್ನ ಮ್ಯಾಲೆ ಎಂದೂ ಕೆರೀಬ್ಯಾಡ."

ಕಾಶವ್ವ ಸೊಸೆಗೆ ತಲೆ ಕೆಟ್ಟಿತೆಂದುಕೊಂಡಳು. ಬಾಳವ್ವ ದಿಬ್ಬದಾಚೆಗೆ ಓಡಿದಳು. ನಾಲ್ಕು ತಿಂಗಳಿಂದ ತಾನೇ ಎಸೆದಿದ್ದ ಹಕ್ಕಳೆಯ ಗುಡ್ಡೆಯ ಮುಂದೆ ಕುಳಿತು ಮೊದಲು ಹೊಟ್ಟೆ ತುಂಬ ನಕ್ಕಳು, ಆಮೇಲೆ ಸೆರಗಿಗೆ ತುಂಬಿಕೊಂಡಳು. ಕಲ್ಲು ಕರಗಿ ನೀರಾದರೂ ಆಗೂದಿಲ್ಲ ಎಂದಿದ್ದನಲ್ಲ ರಾಚಪ್ಪ, ಕಲ್ಲು ಎಂದೋ ಕರಗಿ ಆ ನೀರಿನಲ್ಲೇ ಕೂತಿತ್ತು. ಅವಳೇ ದಿನಾ ಕೆರೆದು ಅದನ್ನು ಮನೆಯಿಂದ ಓಡಿಸುತ್ತಿದ್ದಳು. ಹೊಳೆಯ ಸಿಹಿನೀರಿನಲ್ಲಿ ನಲವತ್ತು ಹಂಡೆಗಳು ಇಪ್ಪತ್ತು ವರ್ಷ ಹುಡುಕಿದ್ದು ಬೇಳೆ ಬೇಯದ ನೀರಿನಲ್ಲಿ ಬಿದ್ದಿತ್ತು. ಇನ್ನು ಉಳಿದದ್ದು ಬೆವರಿನ ಕೆಲಸ. ಹಸಿ ಸವಳುನೀರನ್ನೇ ಹಂಡೆಗೆ ಹೊಯ್ದಳು. ಹಕ್ಕಳೆಯನ್ನು ಕುಟ್ಟಿ ಹಿಟ್ಟು ಮಾಡಿದಳು. ಕೋಲಿನಿಂದ ಕಲಸಿದರೆ ಹಿಟ್ಟು ತಳಕ್ಕಿಳಿದು ಬಣ್ಣ ಮಚ್ಚೆಮಚ್ಚೆಯಾಗುತ್ತಿತ್ತು. ಹಾಗಾಗಿ ಬಿಸಿ ಆರುವ ಮೊದಲೇ ಅರಿವೆಯನ್ನು ಎಳೆದು ಕಲ್ಲಿನ ಮೇಲೆ ಹಾಸಿ, ಬರಿಗೈಯಿಂದ ಹಿಟ್ಟನ್ನು ಎಳೆ ಎಳೆಗೂ ತಿಕ್ಕಿ ಮತ್ತೆ ಹಂಡೆಗಿಳಿಸಬೇಕಾಯಿತು. ಸುಣ್ಣ, ಪಟಕ, ಕುದಿ. ಇಪ್ಪತ್ತು ದಿನವೂ ಬೆಳಗಿನಿಂದ ಹೊತ್ತು ಮುಳುಗುವ ತನಕ ಅದೇ. ಮೊದಲ ವಾರ ಕೈ ಉರಿಯಿತು. ಎರಡನೆಯ ವಾರ ಸುಲಿಯಿತು. ಮೂರನೆಯ ವಾರ ಉರಿ ನಿಂತಿತು. ಗುಣವಾಯಿತು ಎಂದು ಅವಳು ಹಿಗ್ಗಿದಳು. ಒಂದು ಮುಂಜಾನೆ ಒಲೆಯ ಕೆಂಡ ಬೆರಳಿಗೆ ತಗಲಿ ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ತಿಳಿದದ್ದು, ಹತ್ತು ಬೆರಳಿನ ತುದಿಗೂ ಇನ್ನು ಬಿಸಿಯಿಲ್ಲ, ತಂಪಿಲ್ಲ, ಒದ್ದೆಯಿಲ್ಲ, ಒಣಗಿದ್ದಿಲ್ಲ. ಆ ಮುಂಜಾನೆಯೂ ಅವಳು ಅರಿವೆ ಇಳಿಬಿಟ್ಟಳು. ಅಂದಿನಿಂದ ಅರಿವೆ ಒಣಗಿತೋ ಇಲ್ಲವೋ ಎಂದು ನೋಡಲು ಅದನ್ನು ಎತ್ತಿ ಕೆನ್ನೆಗೆ ಹಚ್ಚಿಕೊಳ್ಳತೊಡಗಿದಳು.

ಖಾದರಸಾಹೇಬ ಬಂದ ದಿನ ಹೊಳೆದಂಡೆಯಲ್ಲಿ ಅರಿವೆಗಳ ಸಾಲು. ಅವನ ಪರೀಕ್ಷೆ ಊರಿಗೆಲ್ಲ ಗೊತ್ತಿದ್ದದ್ದು. ಹುಣಸೆ ನೀರಿನಲ್ಲಿ ಅದ್ದುವುದು, ಅಂಟವಾಳ ಹಾಕಿ ತಿಕ್ಕುವುದು, ಕೊನೆಗೆ ಹಸಿ ಅರಿವೆಯ ಒಂದು ತುಂಡನ್ನು ತನ್ನ ಹಾಲುಬಿಳುಪಿನ ರುಮಾಲಿನ ಮಡಿಕೆಯಲ್ಲಿ ಇಟ್ಟು ತಲೆಗೆ ಸುತ್ತಿಕೊಂಡು ಊಟಕ್ಕೆ ಕೂರುವುದು. ಊಟ ಮುಗಿಯುವಷ್ಟರಲ್ಲಿ ರುಮಾಲಿಗೆ ಕೆಂಪು ಹತ್ತಿದರೆ ಬಣ್ಣ ಕಚ್ಚಾ. ಇಪ್ಪತ್ತು ವರ್ಷದಲ್ಲಿ ಅವನು ಕರಡಿಹಾಳದಿಂದ ಬಿಳಿಯ ರುಮಾಲಿನಲ್ಲಿ ಹಿಂದಿರುಗಿದ್ದಿಲ್ಲ. ಆ ದಿನವೂ ಸಾಲಿನ ಅರಿವೆಗಳನ್ನೆಲ್ಲ ನೋಡಿ, ಹತ್ತಾರು ತುಂಡು ಹುಣಸೆಗೆ ಹಾಕಿ ನಿಟ್ಟುಸಿರುಬಿಟ್ಟ. ಬಾಳವ್ವ ಸಾಲಿನ ತುದಿಯಲ್ಲಿ, ದಂಡೆಗೆ ಕಾಲಿಡದೆ, ದಾರಿಯ ಮೇಲೆ ನಿಂತು ತನ್ನ ಮೂಟೆ ಬಿಚ್ಚಿದಳು. ಅರಿವೆ ಗಾಳಿಗೆ ಒಮ್ಮೆ ತೆರೆದುಕೊಂಡಿತು. ಎಲ್ಲರಿಗಿಂತ ಮೊದಲು ರಾಚಪ್ಪ ಎದ್ದು ನಿಂತ, ನಿಂತದ್ದು ಅವನಿಗೇ ತಿಳಿಯಲಿಲ್ಲ.

ಖಾದರಸಾಹೇಬ ಹುಣಸೆ ಹಾಕಿದ, ಅಂಟವಾಳ ಹಾಕಿದ. ಹಸಿ ತುಂಡನ್ನು ರುಮಾಲಿನಲ್ಲಿ ಸುತ್ತಿ ತಲೆಗೇರಿಸಿ ಊಟಕ್ಕೆ ಕುಳಿತ. ಅವನು ನಿಧಾನ ಉಣ್ಣುವ ಮನುಷ್ಯ. ರೊಟ್ಟಿಯ ಒಂದೊಂದು ತುತ್ತಿಗೂ ಊರು ಅವನ ತಲೆಯನ್ನೇ ನೋಡುತ್ತಿತ್ತು. "ಸಾಹೇಬರ, ಇನ್ನೊಂದ ರೊಟ್ಟಿ ಹಾಕ್ಲೇನು?" ಎಂದು ಯಾರೋ ಕೇಳಿದ್ದಕ್ಕೆ ಕಾಶವ್ವ, "ಸಾಕ ಮಾಡ್ರೋ, ನನ್ನ ಸೊಸಿ ಉಸರ ಹಿಡದ ನಿಂತಾಳ," ಎಂದು ರೇಗಿದಳು. ಕೈ ತೊಳೆದು ಅವನು ರುಮಾಲು ಬಿಚ್ಚಿದ. ಒಳಮಡಿಕೆಯನ್ನು ಬಿಸಿಲಿಗೆ ಹಿಡಿದ. ಹಾಲುಬಿಳುಪು ಹಾಲುಬಿಳುಪಾಗಿಯೇ ಇತ್ತು. ಅವನು ಆ ತುಂಡನ್ನು ಕಣ್ಣಿಗೊತ್ತಿಕೊಂಡು, "ಯವ್ವಾ, ಇದು ನಮ್ಮ ಅಪ್ಪನ ಕಾಲದ ಕಿರಮಂಜಿ," ಎಂದ.

ಮಾತು ಬಾಯಿಂದ ಬಂತು, ಬರಹ ಇನ್ನೂ ಬರಬೇಕಿತ್ತು. ಗುಮಾಸ್ತ ಮೂಟೆ ಎಳೆದುಕೊಂಡು, ಮಸಿಯಲ್ಲಿ ಕಡ್ಡಿ ಅದ್ದಿ, ಇಪ್ಪತ್ತು ವರ್ಷದ ರೂಢಿಯಂತೆ ಎರಡು ಅಕ್ಷರ ಬರೆದು ಮುಗಿಸಿದ. ರಾಚಪ್ಪನ ಕಣ್ಣು ಅದರ ಮೇಲೆ ಬಿತ್ತು. ಆ ಆಕಾರ ಅವನಿಗೆ ಗೊತ್ತಿತ್ತು. ಹೇಳಬಹುದಿತ್ತು, ಹೇಳಲಿಲ್ಲ. "ಬರದಾತಲ್ಲ, ಎತ್ತಿನ ಮ್ಯಾಲೆ ಹೇರ್ರಿ," ಎಂದು ಅವಸರ ಮಾಡಿದ. ಖಾದರಸಾಹೇಬನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ದಂಡೆಯ ಮೇಲಿದ್ದ ಉಳಿದ ಯಾರಿಗೂ ಬರುತ್ತಿರಲಿಲ್ಲ. ಮೂಟೆ ಎತ್ತಲು ಬಗ್ಗಿದವರ ಮುಂದೆ ಬಾಳವ್ವ ಬಂದು ಅದರ ಮೇಲೆ ಅಂಗೈ ಊರಿದಳು.

"ಅಣ್ಣಾರ, ಇದು ಎರಡ ಅಕ್ಷರ ಐತಿ. ಕೆಂಪು ಅಂತ ಬರದೀರಿ. ನನ್ನದಕ್ಕ ನಾಕ ಅಕ್ಷರ ಬೇಕು."

ಗುಮಾಸ್ತ ನಕ್ಕ. "ನಿನಗೇನ ಗೊತ್ತವಾ ಅಕ್ಷರ? ಯಾರ ಕಲಿಸ್ಯಾರ?"

"ನಿಮ್ಮ ಚೀಲಾನ ಕಲಿಸ್ಯಾವ," ಎಂದು ಅವಳು ಮಸಿಯ ಕಡ್ಡಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಬೆರಳಿಗೆ ಕಡ್ಡಿ ಹಿಡಿದದ್ದು ತಿಳಿಯುತ್ತಿರಲಿಲ್ಲ, ಆದ್ದರಿಂದ ಮುಷ್ಟಿಯಲ್ಲಿ, ಒನಕೆ ಹಿಡಿದ ಹಾಗೆ ಹಿಡಿದಳು. ಕೆಂಪು ಎನ್ನುವುದನ್ನು ಅಡ್ಡಗೆರೆ ಎಳೆದು ಹೊಡೆದು, ಅದರ ಕೆಳಗೆ ದಪ್ಪದಪ್ಪನೆ, ಸೊಟ್ಟಸೊಟ್ಟಗೆ, ನಾಲ್ಕು ಅಕ್ಷರ ಬರೆದಳು. ಗುಮಾಸ್ತ ಬಗ್ಗಿ ಓದಿದ. ನಗೆ ಅಡಗಿತು. "ಏನ ಬರದಾಳೋ?" ಎಂದು ಖಾದರಸಾಹೇಬ ಕೇಳಿದ. "ಕಿರಮಂಜಿ ಅಂತ ಬರದಾಳ್ರಿ, ಧಣಿ. ಸರಿಯಾಗೇ ಬರದಾಳ." ಖಾದರಸಾಹೇಬ ಗುಮಾಸ್ತನನ್ನು ಒಂದು ಗಳಿಗೆ ದಿಟ್ಟಿಸಿ, "ಹಂಗಾದ್ರ ಇನ್ನ ಮ್ಯಾಲೆ ಈ ಊರಾಗ ಹೆಸರ ಬರಿಯಾಕ ಅಕೀನ ಇರಲಿ," ಎಂದ. ದಂಡೆಗೆ ದಂಡೆಯೇ ಹೋ ಎಂದಿತು. ಸೌದೆಯ ಹೊರೆ ಹೊತ್ತು ನಿಂತಿದ್ದ ಆ ಮೂರು ಮನೆಯ ಹೆಂಗಸರು ಹೊರೆ ಕೆಳಗೆ ಹಾಕಿದ ಸಪ್ಪಳ ಹೊಳೆಯಾಚೆಗೂ ಕೇಳಿಸಿತು ಎನ್ನುತ್ತಾರೆ.

ಮರುದಿನದಿಂದ ಬಣ್ಣಗಾರರು ಒಬ್ಬೊಬ್ಬರೇ ಕೊಡ ಹೊತ್ತು ಸವಳುಹೊಂಡದ ದಾರಿ ಹಿಡಿದರು. ರಾಚಪ್ಪ ಒಂದು ತಿಂಗಳು ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ ತಾನೇ ಕೊಡ ಹಿಡಿದು ಬಂದು, ಅದೇ ಹಾಸುಗಲ್ಲಿನ ಅಂಚಿಗೆ ಕುಳಿತ. ನಡುವೆ ಕೂರಲಿಲ್ಲ.

"ನೀರ ಬೇಕಾಗಿತ್ತು, ಬಾಳವ್ವ."

"ಈ ನೀರಾಗ ಬೇಳೆ ಬೇಯೂದಿಲ್ರಿ, ಮಾವಾರ."

ರಾಚಪ್ಪ ತಲೆ ತಗ್ಗಿಸಿದ. ಆಮೇಲೆ ಅವನ ಬಿಳಿ ಮೀಸೆ ಅಲುಗಾಡಿತು. ಅವನು ನಗುತ್ತಿದ್ದ. "ಸಾರಿನ ಗಡಗಿ ತ್ರಾಸ ನನಗ ಗೊತ್ತಿಲ್ಲ ಅಂದಿದ್ದೆಲ್ಲ, ಖರೇನ ಅಂದಿದ್ದಿ," ಎಂದ. ಮತ್ತೆ ನೀರನ್ನು ನೋಡುತ್ತ, "ಸಾಯೂದರೊಳಗ ಒಮ್ಮೆ ಆ ಬಣ್ಣದಾಗ ಕೈ ಅದ್ದಬೇಕಾಗೇತಿ," ಎಂದ. ಬಾಳವ್ವ ಅವನ ಕೊಡವನ್ನು ತಾ ಎನ್ನಲೂ ಇಲ್ಲ, ಒಲ್ಲೆ ಎನ್ನಲೂ ಇಲ್ಲ. "ದಂಡಿ ಮ್ಯಾಲೆ ಮೂರು ಹಂಡೆ ಬೋರಲ ಬಿದ್ದಾವ. ಅವನ್ನ ನಿಮ್ಮ ಕೈಯಾಗ ಎತ್ತಿ ನಿಲ್ಲಸ್ರಿ. ಈ ಊರಾಗ ಗಂಡಸಿಲ್ಲ ಅಂತ ಇನ್ನೊಂದ ಹಂಡೆ ಬೋರಲ ಬೀಳಬಾರದು." ರಾಚಪ್ಪ "ಆತವಾ," ಎಂದ. ಅವಳು ತಲೆಯಾಡಿಸಿದಳು. "ಆತು ಅನ್ನೂ ಮಾತು ಹೊಳಿ ನೀರಿನ ಬಣ್ಣ ಇದ್ದಂಗ, ಒಗದ್ರ ಹೋಗ್ತೈತಿ. ಕಿರಮಂಜಿ ಅನ್ರಿ." ಮುದುಕ ಅವಳ ಮುಖವನ್ನು ನೋಡಿದ, ಮಡಿಲಲ್ಲಿ ಮಡಚಿಕೊಂಡಿದ್ದ ಅವಳ ಕೈಗಳನ್ನು ನೋಡಿದ. ಎದ್ದು ನಿಂತು, "ಕಿರಮಂಜಿ," ಎಂದ. ಅಂದು ಮಧ್ಯಾಹ್ನ ಮೂರು ಹಂಡೆಗಳು ಮುಖ ಮೇಲೆ ಮಾಡಿ ನಿಂತವು. ಮೊದಲ ಕೊಡ ನೀರನ್ನು ಅವುಗಳಿಗೆ ಹೊಯ್ದವನು ರಾಚಪ್ಪನೇ ಎನ್ನುತ್ತಾರೆ.

ಆ ಮೇಲೆ ತಗ್ಗಿಗೆ ಮೆಟ್ಟಿಲು ಕಟ್ಟಿಸಿದವಳು ಬಾಳವ್ವ. ಹಂಡೆಗಳು ಈಗ ಉರಿಯುವುದಿಲ್ಲ, ಬಣ್ಣ ಡಬ್ಬಿಯಲ್ಲಿ ಬರುತ್ತದೆ. ಆದರೂ ಹೊಂಡದ ಹತ್ತಿರ ಹೋದವರಿಗೆ ಕಾಣಲು ಇಷ್ಟಿದೆ. ಬೇವಿನ ಬುಡದಲ್ಲಿ ಕಲ್ಲಿನ ಹಂಡೆಯೊಂದು ಮುಖ ಮೇಲೆ ಮಾಡಿ ನಿಂತಿದೆ, ಮಳೆ ಬಂದರೆ ತುಂಬುತ್ತದೆ. ಮೆಟ್ಟಿಲುಗಳ ಬಿಳಿ ಹಕ್ಕಳೆಯನ್ನು ಯಾರೂ ಕೆರೆಯುವುದಿಲ್ಲ. ಹೊಸ ಸೀರೆ ಕೊಂಡ ಹೆಂಗಸರು ಬಂದು ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಕೆನ್ನೆಗೆ ಒತ್ತಿಕೊಂಡು ಹೋಗುತ್ತಾರೆ, ಏಕೆಂದು ಕೇಳಿದರೆ ಎಷ್ಟೋ ಮಂದಿಗೆ ಗೊತ್ತಿಲ್ಲ. ಆಗದ ಕಲ್ಲಿನ ನಟ್ಟನಡುವೆ ಉಳಿಯಿಂದ ಕೊರೆದ ನಾಲ್ಕು ಅಕ್ಷರಗಳಿವೆ, ದಪ್ಪ, ಸೊಟ್ಟ, ಮುಷ್ಟಿಯಲ್ಲಿ ಹಿಡಿದು ಹೊಡೆದದ್ದೆಂದು ನೋಡಿದರೇ ತಿಳಿಯುತ್ತದೆ. ಅವಳು ಅದನ್ನು ಕೊರೆಯುತ್ತಿದ್ದಾಗ ದಾರಿಹೋಕನೊಬ್ಬ ನಿಂತು, ಇದೆಲ್ಲ ಯಾರದು ತಾಯಿ ಎಂದು ಕೇಳಿದನಂತೆ. ಬಾಳವ್ವ ಉಳಿ ಕೆಳಗಿಡದೆ ಹೇಳಿದಳಂತೆ: "ಹೊಂಡ ನಂದು. ಹಂಡೆ ನಂದು. ಈ ನಾಕ ಅಕ್ಷರಾನೂ ನಂದ. ಯಾರೂ ದಾನ ಕೊಟ್ಟಿಲ್ಲಪಾ. ಹತ್ತ ಬೆರಳ ಕೊಟ್ಟ ತಗೊಂಡೀನಿ."